ಎಕ್ಕ ಇಟ್ಟುಕೊಂಡು ಸಮ ಅಂದವನು

ಸಾಮಿಲ್ಲಿನಲ್ಲಿ ನನಗೆ ಹೆಸರಿಲ್ಲ. ಯಜಮಾನರಿಂದ ಹಿಡಿದು ದಿಮ್ಮಿ ಉರುಳಿಸುವವರವರೆಗೆ ಎಲ್ಲರಿಗೂ ನಾನು ಅಳಿಯ. ಯಾರ ಅಳಿಯ ಎಂದು ಹೊಸಬರು ಕೇಳಿದರೆ, ಗರಗಸದ ಪಕ್ಕ ಸ್ಟೂಲಿನ ಮೇಲೆ ಕೂತು ಹಲ್ಲಿಗೆ ಅರ ಹಾಕುತ್ತಿರುವ ನನ್ನ ಮಾವನ ಕಡೆ ಗಲ್ಲ ತೋರಿಸುತ್ತಾರೆ. ಅವರಿಗೆ ಅರದಜ್ಜ ಎಂದು ಹೆಸರು. ಮೂವತ್ತೆಂಟು ವರ್ಷದಿಂದ ಅದೇ ಸ್ಟೂಲು, ಅದೇ ಕೆಲಸ. ನಾನು ಹತ್ತೊಂಬತ್ತನೇ ವಯಸ್ಸಿನಲ್ಲಿ ಅವರ ಕೈಕೆಳಗೆ ಕಲಿಯಲು ಬಂದೆ. ಐದು ವರ್ಷವಾದ ಮೇಲೆ, ಇವನ ಕೈ ಪರವಾಗಿಲ್ಲ ಅನ್ನಿಸಿತೋ ಏನೋ, ಮಗಳನ್ನು ಕೊಟ್ಟರು. ಅರ ಸರಿಯಾಗಿ ಹಿಡಿಯದಿದ್ದರೆ ಇವನಿಗೆ ಕೆಲಸವೂ ಇರುತ್ತಿರಲಿಲ್ಲ, ಹೆಂಡತಿಯೂ ಇರುತ್ತಿರಲಿಲ್ಲ ಎಂದು ದಿಮ್ಮಿ ತರುವ ಲಾರಿಯವನು ಈಗಲೂ ಆಡಿಕೊಳ್ಳುತ್ತಾನೆ.

ನಮ್ಮದು ಗುಂಡು ಗರಗಸ. ಗಾಡಿಯ ಗಾಲಿಯಷ್ಟು ದೊಡ್ಡ ಉಕ್ಕಿನ ತಟ್ಟೆ, ಅಂಚಿನಲ್ಲಿ ಐವತ್ತಾರು ಹಲ್ಲು. ಒಂದು ಹಲ್ಲು ಎಡಕ್ಕೆ ಕೂದಲೆಳೆಯಷ್ಟು ವಾಲಿರಬೇಕು, ಮುಂದಿನದು ಬಲಕ್ಕೆ. ಆ ವಾಲು ಎಲ್ಲ ಹಲ್ಲಿಗೂ ಒಂದೇ ಇದ್ದರೆ ದಿಮ್ಮಿ ಬೆಣ್ಣೆಯ ಹಾಗೆ ಸೀಳುತ್ತದೆ. ನಾಲ್ಕು ಹಲ್ಲು ಹೆಚ್ಚು ವಾಲಿದರೂ ಸಾಕು, ಗರಗಸ ಒಂದು ಕಡೆಗೆ ಎಳೆಯುತ್ತದೆ, ಹಲಗೆಯ ಮೈಮೇಲೆ ಬಾಚಣಿಗೆ ಎಳೆದಂತೆ ಗೆರೆ ಬೀಳುತ್ತದೆ. ವಾಲು ಅಳೆಯಲು ಒಂದು ಚಿಕ್ಕ ಸಾಧನವಿದೆ. ಮಾವ ಅದನ್ನು ಮುಟ್ಟಿದವರಲ್ಲ. ಹೆಬ್ಬೆರಳನ್ನು ಹಲ್ಲಿನ ಪಕ್ಕಕ್ಕೆ ಒತ್ತಿ ಒಂದು ಸಲ ಸವರಿದರೆ ಮುಗಿಯಿತು, ಬೇಕಾದ್ದು ಅವರಿಗೆ ತಿಳಿಯುತ್ತಿತ್ತು.

ಈ ಸಲ ಮಳೆ ಶುರುವಾದ ಹೊಸತರಲ್ಲಿ ಒಂದು ಬೆಳಿಗ್ಗೆ ಅವರ ಅರದ ಹಿಡಿಯ ಮೇಲೆ ರಕ್ತ ಕಂಡೆ. ಹೆಬ್ಬೆರಳು ಉಗುರಿನ ಪಕ್ಕ ಸೀಳಿ, ರಕ್ತ ಮಣಿಕಟ್ಟಿನ ತನಕ ಇಳಿದಿತ್ತು. ಮಾವ ಮಾತ್ರ ಗುಮಾಸ್ತನಿಗೆ ಏನೋ ಹೇಳಿ ನಗಿಸುತ್ತಾ ಅರ ಹಾಕುತ್ತಲೇ ಇದ್ದರು. ಕೈ ನೋಡಿಕೊಳ್ಳಿ ಎಂದೆ. ನೋಡಿಕೊಂಡು ‘ಓ’ ಎಂದರು, ಹೆಗಲ ಮೇಲಿನ ಬಟ್ಟೆಗೆ ಒರೆಸಿಕೊಂಡರು. ಆ ‘ಓ’ದಲ್ಲಿ ನೋವಿರಲಿಲ್ಲ, ಆಶ್ಚರ್ಯ ಇತ್ತು. ಮೂವತ್ತೆಂಟು ವರ್ಷ ಗರಗಸದ ನಡುಕ ಕುಡಿದ ಬೆರಳು ಸತ್ತುಹೋಗಿತ್ತು.

ಆ ವಾರವೇ ಹಲಗೆಗಳ ಮೇಲೆ ಗೆರೆ ಬಂತು. ಯಜಮಾನರು ಒಂದನ್ನು ಬೆಳಕಿಗೆ ಹಿಡಿದು ನೋಡಿ, ಮರದ್ದೇ ದೋಷ ಇರಬೇಕು ಎಂದರು. ಮಾವ ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಮುಂದಿನ ಸೋಮವಾರ ಎಲ್ಲರಿಗಿಂತ ಮೊದಲು ಮಿಲ್ಲಿಗೆ ಹೋಗಿ, ಶನಿವಾರ ಸಂಜೆ ಮಾವ ಹದ ಮಾಡಿಟ್ಟಿದ್ದ ಐವತ್ತಾರು ಹಲ್ಲನ್ನೂ ಸಾಧನ ಹಿಡಿದು ಅಳೆದು, ಕೆಟ್ಟವನ್ನು ತಿದ್ದಿದೆ. ಆಮೇಲೆ ಪ್ರತಿ ಸೋಮವಾರವೂ ಇದೇ ಆಯಿತು. ವಾರದ ನಡುವೆ ಅವರು ಊಟಕ್ಕೆ ಎದ್ದಾಗ ಅಲ್ಲೊಂದು ಇಲ್ಲೊಂದು ಹಲ್ಲು ಮುಟ್ಟಿಬಿಡುತ್ತಿದ್ದೆ. ಸೋಮವಾರ ಯಂತ್ರಕ್ಕೆ ಎಣ್ಣೆ ಹಾಕಬೇಕು, ಬೇಗ ಹೋಗಬೇಕು ಎಂದು ಹೆಂಡತಿಗೆ ಹೇಳಿದ್ದೆ.

ಮಾವನ ಮರ್ಯಾದೆ ಉಳಿಸಲು ಇದನ್ನು ಮಾಡುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪೂರ್ತಿ ಸುಳ್ಳಲ್ಲ. ಆದರೆ ಯಾರೂ ಇಲ್ಲದ ಮಿಲ್ಲಿನಲ್ಲಿ ಒಬ್ಬನೇ ಅರ ಹಾಕುವಾಗ, ಈ ವಾರ ಇಲ್ಲಿ ಸೀಳುವ ದಿಮ್ಮಿಗಳೆಲ್ಲ ನನ್ನ ಕೈಯವು ಎಂಬ ಸಿಹಿಯೊಂದು ನಾಲಿಗೆಯಡಿ ಇರುತ್ತಿತ್ತು. ಎಂಟು ಗಂಟೆಗೆ ಯಜಮಾನರು ಬಂದು ಮೊದಲ ಹಲಗೆಯ ಮೈ ಸವರಿ, ಅರದಜ್ಜನ ಕೈ ಅಂದರೆ ಕೈ ಎನ್ನುವರು. ನಾನು ತಲೆ ಬಗ್ಗಿಸಿ ನಗುತ್ತಿದ್ದೆ. ಆ ನಗು ನೆನಪಾದರೆ ಈಗ ಮೈ ಹಿಡಿಯಷ್ಟಾಗುತ್ತದೆ.

ಭಾನುವಾರ ಮಿಲ್ಲಿಗೆ ರಜೆ. ಮಧ್ಯಾಹ್ನ ಊಟ ಮುಗಿಸಿ, ಹಲಗೆ ಒಣಗಿಸುವ ತಗಡಿನ ಚಪ್ಪರದಡಿ ನಾವು ನಾಲ್ವರು ಎಲೆ ಆಡಲು ಸೇರುತ್ತೇವೆ: ಮಾವ, ನಾನು, ಲಾರಿಯವನು, ಗುಮಾಸ್ತ. ಆಟವನ್ನು ಒಂಬತ್ತು ವರ್ಷದ ಹಿಂದೆ ಎಲ್ಲಿಂದಲೋ ಕಲಿತು ತಂದವನು ಲಾರಿಯವನು. ಪೋಕರ್ ಎಂದ. ದುಡ್ಡಿಟ್ಟು ಆಡುವುದಾದರೆ ನಾನಿಲ್ಲ ಎಂದು ಮಾವ ಅಂದರು. ಗಟ್ಟಿ ಮರದ ತುಂಡೊಂದರಿಂದ ಬೆಂಕಿಪೊಟ್ಟಣದ ಅರ್ಧದಷ್ಟು ದೊಡ್ಡ ಚಕ್ಕೆಗಳನ್ನು ಕತ್ತರಿಸಿ ತಂದರು. ತಲೆಗೆ ನಲವತ್ತು ಚಕ್ಕೆ. ಒಂದರ ಮೇಲೊಂದು ನಲವತ್ತನ್ನೂ ಪೇರಿಸಿದರೂ ಅಲುಗುತ್ತಿರಲಿಲ್ಲ, ಅಷ್ಟು ಸಮನಾಗಿದ್ದವು. ಅವತ್ತಿನಿಂದ ಅದು ಚಕ್ಕೆ ಆಟ. ಸಂಜೆ ಯಾರ ಮುಂದೆ ಎಲ್ಲರಿಗಿಂತ ಕಡಿಮೆ ಚಕ್ಕೆ ಉಳಿಯುತ್ತದೋ ಅವರು ಸೋಮವಾರ ಏಳೂವರೆಗೆ ಬಂದು, ಗರಗಸದ ಕೆಳಗಿನ ಗುಂಡಿಗೆ ಇಳಿದು, ವಾರದ ಹೊಟ್ಟನ್ನೆಲ್ಲ ಎತ್ತಿ ಹಾಕಬೇಕು. ಅಷ್ಟೇ ಪಣ. ಆದರೆ ಆ ಗುಂಡಿಗೆ ಇಳಿದವನ ಮೂಗು ಬುಧವಾರದ ತನಕ ತೆರೆಯುವುದಿಲ್ಲ.

ಆಟ ಸುಲಭ. ಕೈಯಲ್ಲಿ ಎರಡೆರಡು ಎಲೆ, ನಡುವೆ ಎಲ್ಲರಿಗೂ ಸೇರಿದ ಐದು ಎಲೆ. ಏಳರಲ್ಲಿ ಯಾರು ಒಳ್ಳೆಯ ಐದನ್ನು ಜೋಡಿಸುತ್ತಾರೋ ಅವರದು ಗೆಲುವು. ನಡುವಿನ ಎಲೆಗಳು ಮೊದಲು ಮೂರು ಬೀಳುತ್ತವೆ, ಆಮೇಲೆ ಒಂದು, ಕೊನೆಗೆ ಒಂದು. ಪ್ರತಿ ಸಲವೂ ಒಂದು ಸುತ್ತು ಚಕ್ಕೆ ಇಡಬೇಕು. ಎಷ್ಟು ಬೇಕಾದರೂ ಇಡುವ ಹಾಗಿಲ್ಲ. ಮೊದಲ ಸುತ್ತುಗಳಲ್ಲಿ ಎರಡು, ಕೊನೆಯ ಎರಡು ಸುತ್ತಿನಲ್ಲಿ ನಾಲ್ಕು. ಎದುರಿನವನು ನಾಲ್ಕು ಇಟ್ಟರೆ ನಮಗಿರುವುದು ಮೂರೇ ಮಾತು. ‘ಬಿಟ್ಟೆ’ ಎಂದರೆ ಎಲೆ ಮಗುಚಿಟ್ಟು ಹೊರಗೆ ಕೂರುವುದು. ‘ಸಮ’ ಎಂದರೆ ನಾವೂ ನಾಲ್ಕು ಇಟ್ಟು ಇಬ್ಬರ ಎಲೆಯನ್ನೂ ಬಿಚ್ಚುವುದು. ‘ಇನ್ನೊಂದು’ ಎಂದರೆ ಆ ನಾಲ್ಕರ ಮೇಲೆ ಮತ್ತೊಂದು ನಾಲ್ಕು ಇಟ್ಟು, ಈಗ ನೀನು ಹೇಳು ಎಂದು ಎದುರಿನವನ ಮುಖ ನೋಡುವುದು.

ಆಟ ತಂದವನು ಲಾರಿಯವನಾದರೂ ಆಡಲು ಕಲಿಸಿದವರು ಮಾವ. ಕೊನೆಯ ಎಲೆ ಬಿದ್ದ ಮೇಲೆ ಲೆಕ್ಕವೇ ಬೇರೆ ಎನ್ನುತ್ತಿದ್ದರು. ಇನ್ನು ಬರುವ ಎಲೆ ಇಲ್ಲ, ಆಸೆಯೂ ಇಲ್ಲ, ಇದ್ದದ್ದು ಇದ್ದೇ ಇದೆ. ಆಗ ನಾನು ಗೆದ್ದಿದ್ದೀನಾ ಅಂತ ಕೇಳಿಕೊಂಡರೆ ಸಾಲದು. ನಾನು ಇನ್ನೊಂದು ಅಂದರೆ ಅವನು ಯಾವ ಎಲೆ ಹಿಡಿದುಕೊಂಡು ಒಪ್ಪುತ್ತಾನೆ ಅಂತ ಕೇಳಿಕೊಳ್ಳಬೇಕು. ನನಗಿಂತ ಮೇಲಿನ ಎಲೆ ಇದ್ದರೆ ಮಾತ್ರ ಒಪ್ಪುವ ಹಾಗಿದ್ದರೆ, ಬಾಯಿ ಮುಚ್ಚಿಕೊಂಡು ಸಮ ಅನ್ನು. ಕೆಳಗಿನ ಎಲೆ ಇದ್ದರೂ ಒಪ್ಪುತ್ತಾನೆ ಅನ್ನಿಸಿದರೆ ಇನ್ನೊಂದು ಅನ್ನು. ಇಷ್ಟು ತಲೆಗೆ ಹೋಗಲು ಗುಮಾಸ್ತನಿಗೆ ಎರಡು ವರ್ಷ ಬೇಕಾಯಿತು. ಲಾರಿಯವನಿಗೆ ಇನ್ನೂ ಹೋಗಿಲ್ಲ, ಅವನು ಎಲ್ಲದಕ್ಕೂ ಇನ್ನೊಂದು ಅನ್ನುತ್ತಾನೆ.

ಮಾವ ಹಾಕಿದ ಕಟ್ಟಳೆ ಇನ್ನೊಂದಿತ್ತು. ಒಮ್ಮೆ ಲಾರಿಯವನು, ಯಾರೂ ಸೋಲಿಸಲಾಗದ ಎಲೆ ಕೈಯಲ್ಲಿ ಇಟ್ಟುಕೊಂಡು, ಕೊನೆ ಸುತ್ತಿನಲ್ಲಿ ಗುಮಾಸ್ತನಿಗೆ ಸಮ ಅಂದಿದ್ದ. ಗುಮಾಸ್ತನಿಗೆ ಆ ವಾರ ಕೆಮ್ಮು, ಗುಂಡಿಗೆ ಇಳಿಸುವುದು ಬೇಡ ಎಂಬ ಕರುಣೆ. ಮಾವ ಎಲೆ ಕೂಡಿಸಿಟ್ಟು ಅವನನ್ನು ನಾಲ್ಕು ಭಾನುವಾರ ಆಟದಿಂದ ಹೊರಗಿಟ್ಟರು. ಕೆಮ್ಮು ಇದ್ದರೆ ಕೆಮ್ಮು ಅಂತ ಹೇಳಿ ಗುಂಡಿ ತಪ್ಪಿಸಿಕೊಳ್ಳಲಿ, ಆಟದಲ್ಲಿ ಭಿಕ್ಷೆ ಹಾಕಬೇಡ ಎಂದರು. ಲಾರಿಯವನು ನಾಲ್ಕು ವಾರವೂ ಚಪ್ಪರದ ಹೊರಗೆ ಲಾರಿಯ ಮೆಟ್ಟಿಲ ಮೇಲೆ ಕೂತು ಬೀಡಿ ಸೇದಿದ. ಅವತ್ತು ಎಲ್ಲರಿಗಿಂತ ಜೋರಾಗಿ ತಲೆ ಆಡಿಸಿ ಮಾವ ಹೇಳಿದ್ದೇ ಸರಿ ಎಂದವನು ನಾನು.

ಎರಡು ತಿಂಗಳ ಹಿಂದಿನ ಒಂದು ಭಾನುವಾರ ಅದು. ಚಪ್ಪರದ ನೆರಳು ದಿಮ್ಮಿಗಳ ರಾಶಿಯನ್ನು ಮುಟ್ಟಿದರೆ ಕೊನೆಯ ಆಟ ಎಂದು ಲೆಕ್ಕ. ನೆರಳು ಮುಟ್ಟಿತು. ಲಾರಿಯವನ ಮುಂದೆ ಒಂದು ಗೋಪುರ, ನನ್ನ ಮುಂದೆ ಅದಕ್ಕಿಂತ ಚಿಕ್ಕದೊಂದು. ಮಾವ ಮತ್ತು ಗುಮಾಸ್ತ ಇಬ್ಬರದೂ ಕರಗಿತ್ತು. ಕಳೆದುಹೋದ ಚಕ್ಕೆಗಳ ಬದಲಿಗೆ ಈ ವರ್ಷ ಮಾವ ಹೊಸದಾಗಿ ಕತ್ತರಿಸಿದ್ದ ಕೆಲವು ಅವರ ಪಾಲಿಗೇ ಬಂದಿದ್ದವು. ಆ ಪುಟ್ಟ ಗೋಪುರ ಒಂದು ಕಡೆಗೆ ವಾಲಿ ನಿಂತಿತ್ತು. ಮಾವ ಎರಡು ಮೂರು ಸಲ ಅದನ್ನು ಸರಿಮಾಡಲು ನೋಡಿದರು. ನಾನು ಬೇರೆ ಕಡೆ ನೋಡಿದೆ.

ನನ್ನ ಕೈಗೆ ಬಂದದ್ದು ಆಟೀನ್ ಎಕ್ಕ, ಆಟೀನ್ ಗುಲಾಮ. ನಡುವೆ ಮೊದಲು ಬಿದ್ದ ಮೂರರಲ್ಲಿ ಎರಡು ಆಟೀನ್, ಒಂಬತ್ತು ಮತ್ತು ನಾಲ್ಕು. ಜೊತೆಗೊಂದು ಕಳಾವರ್ ರಾಜ. ನಾಲ್ಕನೆಯದು ಇಸ್ಪೀಟ್ ಎರಡು, ಅದಕ್ಕೆ ಗುಮಾಸ್ತ ಬಿಟ್ಟೆ ಅಂದ. ಲಾರಿಯವನು ಅವತ್ತು ಅಪರೂಪಕ್ಕೆ ಮೊದಲೇ ಬಿಟ್ಟಿದ್ದ. ಉಳಿದವರು ನಾನು, ಮಾವ. ಐದನೆಯ ಎಲೆ ಆಟೀನ್ ಏಳು.

ಐದೂ ಒಂದೇ ರಂಗು ಸೇರಿತು, ತಲೆಯಲ್ಲಿ ಎಕ್ಕ. ಇದನ್ನು ಮೀರುವ ಕೈ ಕೂಡಲು ನಡುವೆ ಒಂದು ಜೋಡಿ ಬಿದ್ದಿರಬೇಕು, ಅದೂ ಇಲ್ಲ. ಆ ಐದು ಎಲೆಯ ಮೇಲೆ ನನ್ನನ್ನು ಸೋಲಿಸುವ ಕೈ ಇಡೀ ಕಟ್ಟಿನಲ್ಲಿ ಇರಲಿಲ್ಲ.

ಮಾವ ತಮ್ಮ ಹದಿನಾಲ್ಕು ಚಕ್ಕೆಯಲ್ಲಿ ನಾಲ್ಕನ್ನು ತಳ್ಳಿ, ‘ನಾಲ್ಕು’ ಎಂದರು. ಧ್ವನಿಯಲ್ಲಿ ಒಂದು ತೂಕ ಇತ್ತು. ಅವರ ಬಳಿಯೂ ಆಟೀನ್ ಕೂಡಿದೆ ಎಂದು ನನಗೆ ಗೊತ್ತಾಯಿತು.

ಈಗ ನಾನು ಹೇಳಬೇಕಾದ ಮಾತು ಒಂದೇ. ಆದರೆ ನನ್ನ ಕಣ್ಣು ಗುಮಾಸ್ತನ ಮುಂದಿದ್ದ ಎಂಟು ಚಕ್ಕೆಯ ಮೇಲೆ ಹೋಯಿತು. ಸಮ ಅಂದರೆ ಮಾವನಿಗೆ ಹತ್ತು ಉಳಿಯುತ್ತದೆ, ಗುಂಡಿಗೆ ಗುಮಾಸ್ತ ಇಳಿಯುತ್ತಾನೆ. ಇನ್ನೊಂದು ಅಂದು ಅವರು ಒಪ್ಪಿದರೆ ಆರು ಉಳಿಯುತ್ತದೆ, ಗುಂಡಿಗೆ ಇಳಿಯುವವರು ಮಾವ. ಅರವತ್ತೇಳು ವರ್ಷದವರು, ಬೆರಳು ಸತ್ತವರು, ಸಲಿಕೆ ಹಿಡಿದು ಆ ಕತ್ತಲೆ ಗುಂಡಿಯಲ್ಲಿ. ಇದನ್ನೆಲ್ಲ ಯೋಚಿಸಲು ನನಗೆ ಒಂದು ಉಸಿರಿನಷ್ಟು ಹೊತ್ತೂ ಬೇಕಾಗಲಿಲ್ಲ. ಮಳೆಗಾಲದಿಂದ ಕದ್ದು ತಿದ್ದಿ ಅಭ್ಯಾಸವಾದ ಕೈ ಅದು, ತಾನಾಗಿ ಹೋಯಿತು.

‘ಸಮ’ ಎಂದೆ.

ಮಾವ ಎಲೆ ಬಿಚ್ಚಿದರು. ಆಟೀನ್ ರಾಜ, ಆಟೀನ್ ಹತ್ತು. ಮುಖದಲ್ಲಿ ಸಣ್ಣ ನಗು. ಗೆದ್ದೆ ಎಂಬ ನಗುವಲ್ಲ, ಇನ್ನೊಂದು ಅಂತ ನೀನು ಅನ್ನಲಿಲ್ಲವಲ್ಲ, ಹಾಗಾದರೆ ನನ್ನದೇ ಮೇಲು ಎಂದು ಲೆಕ್ಕ ಹಾಕಿದವರ ನಗು. ನನ್ನ ಎಲೆಗಳನ್ನು ಹಾಗೇ ಮಗುಚಿ ಕಟ್ಟಿನೊಳಗೆ ಸೇರಿಸಿಬಿಡಬಹುದಿತ್ತು. ಆದರೆ ಸಮ ಅಂದವನು ಬಿಚ್ಚಲೇಬೇಕು, ಅದೂ ಕಟ್ಟಳೆಯೇ. ಬಿಚ್ಚಿದೆ.

ಲಾರಿಯವನು ಬಗ್ಗಿ ನೋಡಿ, ನಗಲು ಬಾಯಿ ತೆರೆದು, ಹಾಗೇ ಮುಚ್ಚಿದ. ಮಾವ ನಡುವಿನ ಐದು ಎಲೆಯನ್ನೂ ಒಂದೊಂದಾಗಿ ಬೆರಳಿಂದ ಮುಟ್ಟುತ್ತಾ ಹೋದರು. ಎಲ್ಲಾದರೂ ಜೋಡಿ ಇದೆಯೇ, ಅಳಿಯ ಹೆದರಲು ಏನಾದರೂ ಕಾರಣ ಇತ್ತೇ ಎಂದು ಹುಡುಕಿದರು. ನನ್ನ ಪರವಾಗಿ ಹುಡುಕಿದರು. ಸಿಗಲಿಲ್ಲ.

‘ನೀನು ಏನಂದೆ?’

‘ಸಮ ಅಂದೆ ಮಾವ.’

‘ಎಕ್ಕ ಇಟ್ಕೊಂಡು.’

ಅಲ್ಲಿಗೆ ಸುಮ್ಮನಿದ್ದರೂ ಆಗುತ್ತಿತ್ತು. ನಾನು ಸುಳ್ಳು ಹೇಳಿದೆ. ನಡುವೆ ಎರಡು ನಾಲ್ಕು ಇದ್ದ ಹಾಗೆ ಕಾಣಿಸಿತು, ಜೋಡಿ ಇದೆ ಅಂದುಕೊಂಡೆ, ಕಣ್ಣು ಮಂಜಾಗಿತ್ತು ಎಂದೆ. ಮೂವತ್ತೈದು ವರ್ಷದ ಕಣ್ಣು ಅದು. ಗುಮಾಸ್ತ ತನ್ನ ಚಕ್ಕೆಗಳನ್ನು ಸುಮ್ಮನೆ ಎಣಿಸತೊಡಗಿದ. ಮಾವ ನನ್ನ ಮುಂದೆ, ಗುಮಾಸ್ತನ ಮುಂದೆ, ತಮ್ಮ ಮುಂದೆ ಇದ್ದದ್ದನ್ನು ಒಮ್ಮೆ ನೋಡಿದರು. ಅಷ್ಟರಲ್ಲಿ ಲೆಕ್ಕ ಅವರಿಗೆ ಸಿಕ್ಕಿತ್ತು. ಎದ್ದು ಹೆಗಲ ಬಟ್ಟೆ ಕೊಡವಿದರು. ನಾಳೆ ಗುಂಡಿ ನನ್ನದು, ನೀನು ಬರಬೇಡ ಎಂದು ಗುಮಾಸ್ತನಿಗೆ ಹೇಳಿದರು. ನಾಲ್ಕು ಭಾನುವಾರ ಹೊರಗೆ ಎಂದು ನನಗೆ ಹೇಳಬೇಕಾದ ಅಗತ್ಯ ಇರಲಿಲ್ಲ.

ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಬೇಲಿ, ಬೇಲಿಯಲ್ಲಿ ಒಂದು ಗಂಡಿ. ಭಾನುವಾರ ರಾತ್ರಿ ಅವರ ಊಟ ನಮ್ಮಲ್ಲೇ. ಅವತ್ತು ಹೆಂಡತಿ ಕರೆಯಲು ಹೋಗಿ ಒಬ್ಬಳೇ ಬಂದಳು. ಹಸಿವಿಲ್ಲವಂತೆ ಎಂದಳು. ತಟ್ಟೆ ಹಾಕಿದವಳು ನನ್ನ ಎದುರು ಕೂರದೆ ಬಾಗಿಲಿಗೆ ಒರಗಿ ನಿಂತಳು.

‘ಏನು ಮಾಡಿದ್ರಿ ಅಪ್ಪನಿಗೆ?’

ಎಲೆ ಆಟದಲ್ಲಿ ಏನೋ ಆಯಿತು ಎಂದೆ. ಆಟದಲ್ಲಿ ಸೋತರೆ ಅಪ್ಪ ಎರಡು ತುತ್ತು ಜಾಸ್ತಿ ಉಣ್ಣುತ್ತಾರೆ, ನನಗೆ ಗೊತ್ತಿಲ್ಲವೇ ಎಂದಳು. ಮತ್ತೆ ಕೇಳಲಿಲ್ಲ. ಅವಳು ಕೇಳಿದ್ದರೆ ಹೇಳುತ್ತಿದ್ದೆನೋ ಏನೋ.

ಸೋಮವಾರ ಹೋಗುವುದು ಬೇಡ ಎಂದೇ ಎದ್ದಿದ್ದೆ. ಆದರೆ ಶನಿವಾರದ ಹಲ್ಲು ಹಾಗೇ ಓಡಿದರೆ ಎಂಟೂವರೆಗೆಲ್ಲ ಗೆರೆ ಬೀಳುತ್ತದೆ, ಇವತ್ತೇ ಅದು ಬಯಲಾಗುವುದು ಬೇಡ ಅನ್ನಿಸಿತು. ಗುಂಡಿ ತೆಗೆಯುವುದು ಏಳೂವರೆಗೆ. ಅಷ್ಟರೊಳಗೆ ಮುಗಿಸಿ ಹಿಂದಿನ ಬಾಗಿಲಿಂದ ಹೋಗಿಬಿಡೋಣ ಎಂದುಕೊಂಡು ಎಂದಿಗಿಂತ ಬೇಗ ಹೊರಟೆ. ಮಿಲ್ಲಿನೊಳಗೆ ತಗಡಿನ ಸಂದಿಯಿಂದ ಬೂದು ಬೆಳಕು ಆಗ ತಾನೇ ಇಳಿಯುತ್ತಿತ್ತು. ಗರಗಸಕ್ಕೆ ಮರದ ಬೆಣೆ ಕೊಟ್ಟು ಅಲುಗದಂತೆ ನಿಲ್ಲಿಸಿ, ಸಾಧನ ಹಿಡಿದು ಮೊದಲ ಹಲ್ಲು ಅಳೆದೆ. ಕೆಟ್ಟಿತ್ತು. ಎರಡನೆಯದು ಇನ್ನೂ ಕೆಟ್ಟಿತ್ತು. ಅರ ಹಾಕುತ್ತಾ ಹೋದೆ. ಕೆಲಸ ಮಾಡುತ್ತಾ ಹಿಂದಿನ ದಿನದ ಭಾರ ಸ್ವಲ್ಪ ಇಳಿದ ಹಾಗಾಯಿತು. ಬಾಯಲ್ಲಿ ಏನೋ ರಾಗ ಬೇರೆ ಬಂತು. ಹಿಂದಿನ ಸಂಜೆ ಆ ಮುಖ ನೋಡಿ ಬಂದವನ ಬಾಯಲ್ಲಿ ರಾಗ.

ಇಪ್ಪತ್ತು ಹಲ್ಲು ಮುಗಿದಿರಬೇಕು.

‘ಹದಿನೇಳನೇದು ಜಾಸ್ತಿ ತಿಂದೆ.’

ಮಾತು ನನ್ನ ಕಾಲ ಕೆಳಗಿಂದ ಬಂತು. ಅರ ಕೈಯಿಂದ ಜಾರಿ ಮೇಜಿನ ಮೇಲೆ ಬಿತ್ತು. ಬಗ್ಗಿ ನೋಡಿದೆ. ಗರಗಸದ ಸೀಳಿನ ಕೆಳಗೆ, ಗುಂಡಿಯಲ್ಲಿ ಎದೆಯುದ್ದ ಹೊಟ್ಟಿನ ನಡುವೆ ಮಾವ ನಿಂತಿದ್ದರು. ಹೊಟ್ಟಿಗೆ ಸಲಿಕೆ ಹಾಕಿದರೆ ಸದ್ದೇ ಬರುವುದಿಲ್ಲ. ಗುಂಡಿಗೆ ಇಳಿಯುವುದನ್ನು ಯಾರೂ ನೋಡುವುದು ಬೇಡ ಎಂದು ಅವರೂ ಬೇಗ ಬಂದಿದ್ದರು. ನಾನು ಅರ ಹಾಕಿದ ಉಕ್ಕಿನ ಪುಡಿಯೆಲ್ಲ ಅವರ ಬಿಳಿ ಕೂದಲ ಮೇಲೆ ಬಿದ್ದು ಹೊಳೆಯುತ್ತಿತ್ತು. ಅದನ್ನು ಕೊಡವಿಕೊಳ್ಳಲೂ ಇಲ್ಲ ಅವರು.

ನಾನು ಕೆಳಗಿಳಿಯಲು ಹೋದೆ. ಬೇಡ, ಅಲ್ಲೇ ಇರು ಎಂದು ಕೈ ತೋರಿಸಿದರು.

‘ಯಾವಾಗಿಂದ?’

‘ಮಳೆ ಶುರುವಾದಾಗಿಂದ.’

‘ಪ್ರತಿ ಸೋಮವಾರ?’

ಹೂಂ ಎಂದೆ. ಅವರು ಸಲಿಕೆಯ ಹಿಡಿಯ ಮೇಲೆ ಎರಡೂ ಕೈ ಇಟ್ಟು, ಅದರ ಮೇಲೆ ಗಲ್ಲ ಊರಿ ನಿಂತರು. ಬಯ್ಯುತ್ತಾರೆ ಎಂದು ಕಾದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

‘ನಿನ್ನೆ ನೀನು ಇನ್ನೊಂದು ಅಂದಿದ್ರೆ ನಾನೇನು ಮಾಡ್ತಿದ್ದೆ ಗೊತ್ತಾ?’

ಗೊತ್ತಿಲ್ಲ ಎಂದೆ.

‘ಬಿಟ್ಟೆ ಅಂತಿದ್ದೆ. ಒಂಬತ್ತು ವರ್ಷದಲ್ಲಿ ಕೊನೆ ಸುತ್ತಲ್ಲಿ ನೀನು ಸುಮ್ಸುಮ್ನೆ ಇನ್ನೊಂದು ಅಂದೋನಲ್ಲ. ಎಕ್ಕ ನಿನ್ನ ಹತ್ರ ಇದೆ ಅಂತ ಆ ಮಾತಲ್ಲೇ ಗೊತ್ತಾಗ್ತಿತ್ತು. ರಾಜನ್ನ ಮಗುಚಿಟ್ಟು ಕೂರ್ತಿದ್ದೆ. ಹತ್ತೇ ಉಳೀತಿತ್ತು ನಂಗೆ. ಗುಮಾಸ್ತನೇ ಇಳೀತಿದ್ದ ಇಲ್ಲಿಗೆ.’

ಒಂದು ಸಲ ಸೀನಿದರು. ಮೂಗು ಒರೆಸಿಕೊಂಡು ಮತ್ತೆ ಹೇಳಿದರು, ಈ ಸಲ ನನ್ನ ಮುಖ ನೋಡದೆ, ಮೇಲಿದ್ದ ಗರಗಸವನ್ನು ನೋಡುತ್ತಾ.

‘ಬೆರಳು ಹೋಗಿದ್ದು ನಂಗೆ ಗೊತ್ತಿಲ್ವೇನೋ? ಗೆರೆ ಬಿದ್ದ ವಾರ ಅರ ಇಟ್ಬಿಡಬೇಕು ಅಂತಿದ್ದೆ. ಸೋಮವಾರ ಬಂದು ನೋಡಿದ್ರೆ ಹಲಗೆ ಕನ್ನಡಿ ಥರ. ಬೆರಳು ಸತ್ರೂ ಕೈಗೆ ನೆನಪಿದೆ ಅನ್ಕೊಂಡೆ ಕಣೋ. ಮನೆಗೆ ಹೋಗಿ ಮಗಳ ಹತ್ರ ಹೇಳ್ಕೊಂಡೆ. ಬಿಟ್ಟೆ ಅನ್ನೋಕೆ ಎಲೆ ಕೈಯಲ್ಲಿ ಹಿಡ್ಕೊಂಡು ಕೂತಿದ್ದೆ. ನೀನು ಅನ್ನೋಕೇ ಬಿಡಲಿಲ್ಲ.’

ಅವರು ಮಗಳ ಹತ್ತಿರ ಹೇಳಿಕೊಂಡದ್ದು ನನಗೆ ನೆನಪಿತ್ತು. ಅಪ್ಪ ಇವತ್ತು ಎಷ್ಟು ಖುಷಿಯಾಗಿದ್ದಾರೆ ನೋಡಿ ಎಂದು ಅವಳು ನನಗೆ ಹೇಳಿದ್ದಳು. ಅದಕ್ಕೂ ನಾನು ತಲೆ ಬಗ್ಗಿಸಿ ನಕ್ಕಿದ್ದೆ.

ಮಿಕ್ಕ ಹಲ್ಲುಗಳನ್ನು ಮುಗಿಸು ಎಂದರು. ಮುಗಿಸಿದೆ. ಕೆಳಗೆ ಅವರು ಹೊಟ್ಟು ಎತ್ತುತ್ತಿದ್ದರು, ಮೇಲೆ ನಾನು ಅರ ಹಾಕುತ್ತಿದ್ದೆ. ನಡುನಡುವೆ ಸದ್ದು ಕೇಳಿಯೇ, ಸಾಕು, ಇನ್ನೆರಡು ಎಳೆ, ಅರ ಓರೆ ಹೋಯಿತು ಎಂದು ಕೆಳಗಿಂದ ಹೇಳುತ್ತಿದ್ದರು. ಒಂದೂ ತಪ್ಪಿರಲಿಲ್ಲ. ಅವರ ಬೆರಳು ಸತ್ತಿತ್ತು, ಕಿವಿ ಸತ್ತಿರಲಿಲ್ಲ. ಮಳೆಗಾಲದಲ್ಲೇ ಅವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದ್ದರೆ ಇದು ತಿಳಿಯುತ್ತಿತ್ತು. ಕೇಳಲು ಮೊದಲು ಹೇಳಬೇಕಿತ್ತು.

ಎಂಟಕ್ಕೆ ಯಜಮಾನರು ಬರುವಾಗ ಮಾವ ಗುಂಡಿಯಿಂದ ಮೇಲೆ ಬಂದು, ಮೈಯೆಲ್ಲ ಹೊಟ್ಟು ಮೆತ್ತಿಕೊಂಡು ತಮ್ಮ ಸ್ಟೂಲಿನ ಪಕ್ಕ ನಿಂತಿದ್ದರು. ನೀನೇ ಹೇಳು, ನನ್ನ ಎದುರಿಗೆ ಹೇಳು ಎಂದಿದ್ದರು ನನಗೆ. ಯಜಮಾನರು ಹತ್ತಿರ ಬಂದರು. ಬಾಯಿ ತೆರೆದೆ. ಮಾವನಿಗೆ ವಯಸ್ಸಾಯಿತು, ಇನ್ನು ಸ್ವಲ್ಪ ವಿಶ್ರಾಂತಿ ಬೇಕು ಅನ್ನಿಸುತ್ತದೆ, ಹಾಗಂತ ಏನೂ ತೊಂದರೆ ಇಲ್ಲ, ಸದ್ಯಕ್ಕೆ ನಾನು ಕೈಜೋಡಿಸಿದರೆ ಎಂದೇನೋ ಶುರುಮಾಡಿದೆ. ಯಜಮಾನರಿಗೆ ತಲೆಬುಡ ಅರ್ಥವಾಗಲಿಲ್ಲ. ಮತ್ತೆ ಸಮ ಅನ್ನುತ್ತಿದ್ದೆ ನಾನು. ಒಂದು ಹಗಲೂ ಕಳೆದಿರಲಿಲ್ಲ.

ಮಾವ ತಡೆದರು. ‘ನನ್ನ ಬೆರಳು ಸತ್ತಿದೆ ಯಜಮಾನ್ರೇ. ಮಳೆಗಾಲದಿಂದ ಹಲ್ಲು ಸರಿ ಮಾಡ್ತಿರೋನು ಇವನು. ನೀವು ಹೊಗಳಿದ್ದೆಲ್ಲ ಇವನಿಗೆ ಸೇರಬೇಕು.’ ಅರವನ್ನು ತೆಗೆದು ನನ್ನ ಕೈಗೆ ಕೊಡಲಿಲ್ಲ, ಮೇಜಿನ ಮೇಲೆ ಇಟ್ಟರು. ನಾನೇ ತೆಗೆದುಕೊಳ್ಳಬೇಕಾಯಿತು.

ಯಜಮಾನರು ಒಳ್ಳೆಯವರು. ಅರದಜ್ಜನಿಗೆ ದಿನವೂ ಬಂದು ಸದ್ದು ಕೇಳಿ ಹೇಳುವ ಕೆಲಸ ಎಂದರು. ಮಾವ ಬರುತ್ತಾರೆ. ಸ್ಟೂಲನ್ನು ನನಗೆ ಬಿಟ್ಟು, ಒಂದು ಮರದ ತುಂಡಿನ ಮೇಲೆ ಕೂರುತ್ತಾರೆ. ಸರಿಯಿದ್ದರೆ ಸುಮ್ಮನಿರುತ್ತಾರೆ, ತಪ್ಪಿದರೆ ಹೇಳುತ್ತಾರೆ. ಮನೆಗೂ ಊಟಕ್ಕೆ ಬರುತ್ತಾರೆ. ಹೆಂಡತಿಗೆ ಎಲ್ಲ ಗೊತ್ತಾಗಿದೆ. ಅವಳು ಒಂದೇ ಮಾತು ಕೇಳಿದಳು, ಅಪ್ಪ ಖುಷಿಯಾಗಿದ್ದಾರೆ ಎಂದು ತಾನು ಹೇಳಿದ ಹೊತ್ತಿಗೆ ನನಗೆ ನಗು ಬಂದದ್ದು ಯಾಕೆ ಎಂದು.

ನಾಲ್ಕು ಭಾನುವಾರ ಚಪ್ಪರದ ಹೊರಗಿದ್ದೆ. ಲಾರಿಯವನು ತನ್ನ ಲಾರಿಯ ಮೆಟ್ಟಿಲನ್ನು ತೋರಿಸಿ, ಜಾಗ ಬೆಚ್ಚಗಿಟ್ಟಿದ್ದೀನಿ ಕೂತ್ಕೋ ಅಳಿಯ ಎಂದ. ಕೂತೆ. ಒಳಗಿಂದ ಬಿಟ್ಟೆ, ಸಮ, ಇನ್ನೊಂದು ಎಂಬ ಮಾತುಗಳು ಮಾತ್ರ ಕೇಳುತ್ತಿದ್ದವು. ಮೂರೇ ಮಾತು. ಎಷ್ಟು ಸಲೀಸಾಗಿ ಹೇಳುತ್ತಾರೆ ಅನ್ನಿಸುತ್ತಿತ್ತು.

ಐದನೆಯ ಭಾನುವಾರ ಮಾವನೇ ಬೇಲಿಯ ಗಂಡಿಯಲ್ಲಿ ನಿಂತು, ಬಾ ಎಂದು ಕರೆದರು. ಮೂರನೆಯ ಆಟದಲ್ಲೋ ನಾಲ್ಕನೆಯದರಲ್ಲೋ ನಾವಿಬ್ಬರೇ ಉಳಿದೆವು. ನನ್ನ ಬಳಿ ಮೂರು ರಾಣಿ ಕೂಡಿದ್ದವು. ಒಳ್ಳೆಯ ಕೈ, ಸೋಲದ ಕೈಯಲ್ಲ. ನಡುವೆ ಬಿದ್ದಿದ್ದ ಎಲೆಗಳಿಗೆ ಎರಡು ಸರಿಯಾದವು ಸೇರಿದರೆ ಸಾಲಾಗಿ ಐದು ಕೂಡಿ ನನ್ನನ್ನು ಮೀರುತ್ತಿತ್ತು. ಮಾವ ನಾಲ್ಕು ಎಂದರು. ನಾನು ಅವರು ಕಲಿಸಿದ ಹಾಗೆ ಕೇಳಿಕೊಂಡೆ. ಎರಡು ಜೋಡಿ ಇದ್ದರೂ ಒಪ್ಪುತ್ತಾರೆ, ಒಂದು ದೊಡ್ಡ ಜೋಡಿ ಇದ್ದರೂ ಒಪ್ಪಬಹುದು.

‘ಇನ್ನೊಂದು’ ಎಂದು ಎಂಟು ಚಕ್ಕೆ ತಳ್ಳಿದೆ.

ಲಾರಿಯವನು ಬೀಡಿ ಕೆಳಗಿಟ್ಟ. ಗುಮಾಸ್ತ ಎಲ್ಲೋ ನೋಡಿದ. ಮಾವ ಬಹಳ ಹೊತ್ತು ನನ್ನ ಮುಖವನ್ನೇ ನೋಡಿದರು. ಅವರ ಹೆಬ್ಬೆರಳು ಎಲೆಯ ಅಂಚನ್ನು ಸವರುತ್ತಿತ್ತು, ಹಲ್ಲು ಸವರುವ ಹಾಗೆ. ಆಮೇಲೆ ‘ಬಿಟ್ಟೆ’ ಎಂದರು. ಎಲೆಗಳನ್ನು ಮಗುಚಿ ಕಟ್ಟಿನೊಳಗೆ ಸೇರಿಸಿದರು.

ಏನಿತ್ತು ಅಜ್ಜ, ತೋರಿಸಿ ಎಂದು ಲಾರಿಯವನು ಪೀಡಿಸಿದ. ಬಿಟ್ಟವನು ತೋರಿಸಬೇಕಿಲ್ಲ, ಅದು ಕಟ್ಟಳೆ ಎಂದರು ಮಾವ. ಕಟ್ಟು ಕಲಸಲು ಶುರುಮಾಡಿದರು.

ನನ್ನದು ಮೇಲೆಂದು ತಿಳಿದು ಬಿಟ್ಟರೋ, ಸಾಲು ಕೂಡಿಸಿಟ್ಟುಕೊಂಡೇ, ಕೊನೆಗೂ ಆ ಮಾತು ನನ್ನ ಬಾಯಿಂದ ಬಂತಲ್ಲ ಎಂದು ಬಿಟ್ಟರೋ ಗೊತ್ತಿಲ್ಲ. ಕಟ್ಟು ಅವರ ಕೈಯಲ್ಲಿ ಕಲೆಯುತ್ತಿತ್ತು. ಕೇಳಲು ನನಗೆ ಮುಖವಿರಲಿಲ್ಲ. ನಡುವಿದ್ದ ಚಕ್ಕೆಗಳನ್ನು ನನ್ನ ಕಡೆಗೆ ಎಳೆದುಕೊಂಡು ಪೇರಿಸಿದೆ. ಅವುಗಳಲ್ಲಿ ಈ ವರ್ಷ ಮಾವ ಕತ್ತರಿಸಿದವೂ ಇದ್ದವು. ಗೋಪುರ ಒಂದು ಕಡೆಗೆ ವಾಲಿತು. ಮಾವ ಅದನ್ನು ನೋಡಿದರು. ನಾನು ಸರಿಮಾಡಲು ಹೋಗಲಿಲ್ಲ.